ಇರ್ವಾಳೆಗೆ ಹೊರಡುವ ಬಸ್ಸು

ಭಾನುವಾರ, ಮಧ್ಯಾಹ್ನ
ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕನಿಗೆ,

ನಿನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ ಬಾಲದ ನಮಸ್ಕಾರ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲೆಂದು ಕೂತು, ಏನೋ ಕೆಲಸ ನೆನಪಾದಂತೆ ನಟಿಸಿ ಎದ್ದದ್ದು ಎಷ್ಟು ಸಲವೋ. ಬೈಯಬೇಡ. ಸೊಂಟದ ಆಪರೇಷನ್ ಆಗಿ ಮಗ್ಗುಲು ಬದಲಿಸಲಾಗದ ನೀನು ಮಲಗಿಕೊಂಡೇ ನಾಲ್ಕು ಪುಟ ಬರೆದಿದ್ದೀಯ. ನೆಟ್ಟಗೆ ಓಡಾಡಿಕೊಂಡಿರುವ ನನಗೆ ನಾಲ್ಕು ಸಾಲು ಬರೆಯಲು ಆಗಲಿಲ್ಲ ಎಂದರೆ ಯಾವ ಮುಖ ಇಟ್ಟುಕೊಂಡು ಕಾರಣ ಕೊಡಲಿ? ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ನಮ್ಮ ಮನೆ ನಿನಗೆ ಗೊತ್ತಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಬಾಲ್ಕನಿಯಲ್ಲಿ ಕೇಳುತ್ತದೆ. ಅಮ್ಮನ ಕಿವಿ ಈಗಲೂ ಚುರುಕು.

ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬಂದೆಯಂತೆ, ಭಾವ ಹೇಳಿದರು. ಕೋಲಿಗಿಂತ ಹೆಚ್ಚಾಗಿ ಅವರ ತೋಳನ್ನೇ ಹಿಡಿದಿದ್ದೆಯೆಂದೂ, ಉಗುರು ಕತ್ತರಿಸಿಕೊಂಡಿಲ್ಲವೆಂದೂ ಹೇಳಿದರು. ಪಾಪ, ಅವರ ತೋಳಿಗೂ ವಿಶ್ರಾಂತಿ ಕೊಡು.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಅಮ್ಮನಿಗೆ ಮಾತು ಮರಳಿ ಬರುತ್ತಿದೆ ಎನ್ನುವ ಸುದ್ದಿಯನ್ನು ಯಾಕಿಷ್ಟು ಸಪ್ಪಗೆ ಹೇಳುತ್ತೀಯ ಎಂಬುದು ಒಂದು. ಕಾದಂಬರಿ ಎಲ್ಲಿಗೆ ಬಂತು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ. ಪೂರ್ತಿ ಓದಿ ಆಮೇಲೆ ನನಗೆ ತಲೆ ಕೆಟ್ಟಿದೆ ಎನ್ನು.

ಕಳೆದ ಸಲ ಬಂದಾಗ ನನ್ನ ಕೋಣೆಯ ಗೋಡೆ ನೋಡಿ, “ಏನೇ ಇದು, ಪೊಲೀಸ್ ಸ್ಟೇಷನ್ನಾ?” ಎಂದು ನಕ್ಕಿದ್ದೆಯಲ್ಲ. ನನ್ನ ಕಾದಂಬರಿಯ ಲೋಕ ಇದ್ದದ್ದು ಆ ಗೋಡೆಯ ಮೇಲೆ. ನೀಲಿ ಕಾರ್ಡುಗಳಲ್ಲಿ ನದಿ, ಸಮುದ್ರ, ದಾರಿಗಳು. ಹಳದಿಯಲ್ಲಿ ಜನ. ಹಸಿರಿನಲ್ಲಿ ಬೆಳೆ, ಪ್ರಾಣಿ, ರೋಗರುಜಿನ. ಬಿಳಿಯಲ್ಲಿ ಕಾನೂನು, ಯುದ್ಧ, ವಂಶಾವಳಿ. ಒಂದು ಕಾರ್ಡಿಗೆ ಒಂದೇ ಸಂಗತಿ ಎಂಬುದು ನಾನೇ ಮಾಡಿಕೊಂಡ ನಿಯಮ. ಕಾರ್ಡಿನಿಂದ ಕಾರ್ಡಿಗೆ ಕೆಂಪು ದಾರ ಎಳೆದಿದ್ದೆ: ಉಪ್ಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾರ ಮಗಳು ಯಾರ ಸೊಸೆ, ಎರಡು ಚಂದ್ರರೂ ಒಟ್ಟಿಗೆ ಹುಟ್ಟಿದ ದಿನ ಯಾವ ಬಂದರಿಗೆ ನೀರು ನುಗ್ಗುತ್ತದೆ. ದಿನವಿಡೀ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಮನೆಗೆ ಬಂದು ಆ ಗೋಡೆಯ ಮುಂದೆ ನಿಂತರೆ ಉಸಿರಾಡಿದಂತಾಗುತ್ತಿತ್ತು.

ಎಲ್ಲ ಇತ್ತು ಅಕ್ಕ, ತೆರಿಗೆಯ ದರ ಕೂಡ ಇತ್ತು. ಜೀವ ಮಾತ್ರ ಇರಲಿಲ್ಲ. “ನಿನ್ನ ರಾಜರ ಹೆಸರೆಲ್ಲ ಕೆಮ್ಮಿನ ಸಿರಪ್ಪಿನ ಹೆಸರಿದ್ದ ಹಾಗಿದೆ” ಎಂದು ನೀನು ಅಂದಾಗ ಸಿಟ್ಟು ಬಂದಿತ್ತು, ನಿಜವಾದ್ದರಿಂದಲೇ ಬಂದಿತ್ತು. ಆ ಜನಕ್ಕೆ ಅವರದೇ ಒಂದು ಭಾಷೆ ಬೇಕಿತ್ತು. ನಾನು ಕೂತು ಅಕ್ಷರ ಜೋಡಿಸಿದರೆ ಅದು ಹುಟ್ಟುವಾಗಲೇ ಸತ್ತಿರುತ್ತಿತ್ತು.

ಅಮ್ಮನಿಗೆ ಆದದ್ದು ಆಮೇಲೆ. ಎಲ್ಲರೂ ‘ಅಮ್ಮ ಬಿದ್ದರಂತೆ’ ಎನ್ನುತ್ತಾರೆ. ಅವಳು ಬೀಳಲೇ ಇಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪುಗಳನ್ನು ಕೈಯಲ್ಲಿ ಹಿಡಿದು ಒಳಗೆ ಬಂದು ನನ್ನನ್ನು ಏನೋ ಕೇಳಿದಳು. ಧಾಟಿ ಸರಿಯಾಗಿತ್ತು, ಹುಬ್ಬು ಎತ್ತಿದ್ದು ಸರಿಯಾಗಿತ್ತು. ಒಂದೇ ಒಂದು ಪದ ಅರ್ಥವಾಗಲಿಲ್ಲ. ತಮಾಷೆಯೆಂದು ನಾನು ನಕ್ಕೆ. ಅವಳು ನಗಲಿಲ್ಲ, ಅದನ್ನೇ ಇನ್ನೊಮ್ಮೆ ಕೇಳಿದಳು, ಈ ಸಲ ಗದರಿಸಿ.

“ಕೈಕಾಲಿಗೆ ಏನೂ ಆಗಿಲ್ಲ” ಎಂದರು ಆಸ್ಪತ್ರೆಯ ಡಾಕ್ಟರು. “ತಲೆಯೊಳಗೆ ಮಾತಿರೋ ಜಾಗಕ್ಕೆ ರಕ್ತ ಹೋಗೋದು ನಿಂತಿತ್ತು. ತಾವು ಸರಿಯಾಗೇ ಮಾತಾಡ್ತಿದ್ದೀವಿ ಅಂತ ಅವರಿಗೆ ಅನ್ಸುತ್ತೆ. ಅವರ ಕಿವಿಗೆ ನಮ್ಮ ಮಾತೇ ವಿಚಿತ್ರ.”

ವರ್ಷಾನುಗಟ್ಟಲೆ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಊರಿಗೆಲ್ಲ ಹೇಳಿದವಳು ಅವಳು. ತರಕಾರಿ ಕೊಳ್ಳಲು ಬಾಯಿ ತೆರೆದರೆ ಸಾಕು, ಗುರುತಿಲ್ಲದವರೂ ತಿರುಗಿ ನೋಡುತ್ತಿದ್ದರು. ಅಂಥವಳಿಗೆ ಹೀಗಾಯಿತು.

ಮನೆಗೆ ಕರೆತಂದ ಮೇಲೆ ನಿನಗೆ ಫೋನಿನಲ್ಲಿ ಕೇಳಿಸಿದೆನಲ್ಲ, ನೀನು ಅತ್ತುಬಿಟ್ಟೆ. “ಆ ಬಿರಣೇಲಿ ತುಮ್ಮನಿ ಕೆಣಸಿಟ್ಟು ಲೋಬ್ತೀಯಲ್ಲೇ, ನಿಂಗೇನು ಸೊರ್ಬೆ ಇಲ್ವಾ?” ಬೈಗುಳವೆಂದು ಮೂರು ಮನೆಯಾಚೆಗೂ ತಿಳಿಯುವಂತಿತ್ತು. ‘ಇಲ್ವಾ’, ‘ನಿಂಗೇನು’ ನಮ್ಮವೇ. ಪದದ ಕೊನೆಗೆ ಅಂಟುವ ಅಲ್ಲಿ, ಇಂದ, ಗೆ ಎಲ್ಲ ನಮ್ಮವೇ. ಒಳಗಿನ ಪದಗಳು ಮಾತ್ರ ಎಲ್ಲಿಂದಲೋ ಬಂದಿದ್ದವು.

ಸ್ಪೀಚ್ ಥೆರಪಿಗೆ ಸೇರಿಸಿದೆ. ಅಲ್ಲಿಯ ಮೇಡಂ ಅನ್ನು ನಾನು ಮಾತಿನ ಟೀಚರ್ ಎನ್ನುತ್ತೇನೆ. “ಇಂಥ ಪದಗಳಿಗೆ ಅರ್ಥ ಹುಡುಕೋಕೆ ಹೋಗ್ಬೇಡಿ. ಇವತ್ತು ಒಂದು, ನಾಳೆ ಇನ್ನೊಂದು” ಎಂದು ಅವರು ಮೊದಲ ದಿನವೇ ಹೇಳಿದ್ದರು. ಆದರೆ ಅಮ್ಮನ ಪದಗಳು ಬದಲಾಗಲಿಲ್ಲ. ನಲ್ಲಿಯ ಹತ್ತಿರ ತುಮ್ಮನಿ, ಲೋಟದಲ್ಲಿ ತುಮ್ಮನಿ, ಕುದಿಯುವಾಗಲೂ ತುಮ್ಮನಿ. ಮೆಟ್ಟಿಲು ಹತ್ತುವಾಗಲೆಲ್ಲ ಮಂಡಿ ಹಿಡಿದು ‘ಈ ಹೊಡಸೆ’ ಎಂದು ಶಪಿಸುತ್ತಿದ್ದಳು. ಒಂದು ಸಂಜೆ ಗೋಡೆಯ ಮುಂದೆ ನಿಂತು, ದೊಡ್ಡ ನದಿಗೆ ನಾನಿಟ್ಟಿದ್ದ ಹೆಸರನ್ನು ಹೊಡೆದುಹಾಕಿ ತುಮ್ಮನಿ ಎಂದು ಬರೆದೆ. ಮಾಡಿದ್ದು ಅಷ್ಟೇ. ನದಿ ಹರಿಯತೊಡಗಿತು.

ಆ ತಿಂಗಳುಗಳಲ್ಲಿ ಬರೆದಂತೆ ನಾನು ಹಿಂದೆಂದೂ ಬರೆದಿರಲಿಲ್ಲ. ಕೆಮ್ಮಿನ ಸಿರಪ್ಪಿನ ರಾಜರೆಲ್ಲ ಹೋದರು. ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುವಾಗಲೂ ಆ ಜನ ತಲೆಯೊಳಗೆ ಒಬ್ಬರಿಗೊಬ್ಬರು ಕೂಗಿಕೊಳ್ಳುವುದು ಕೇಳುತ್ತಿತ್ತು. ಅಮ್ಮ ಕೋಣೆಗೆ ಬಂದು ನನ್ನ ಪಕ್ಕ ನಿಲ್ಲತೊಡಗಿದಳು. ಮೊದಲು ಸುಮ್ಮನೆ ನೋಡುತ್ತಿದ್ದವಳು ಒಂದು ದಿನ ಯುದ್ಧದ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಕಿತ್ತು, ತರಕಾರಿ ಸಿಪ್ಪೆಯ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡಳು. ವರ್ಷಗಟ್ಟಲೆ ಯೋಜನೆ ಹಾಕಿ ನಡೆಸಿದ ಯುದ್ಧ ಅಕ್ಕ! ಎರಡು ಸಾಮ್ರಾಜ್ಯಗಳು ಬದನೆಕಾಯಿ ತೊಟ್ಟಿನ ಜೊತೆ ಹೋದವು. ಆಮೇಲೆ ಗೋಡೆ ನೋಡಿದರೆ, ಕತೆಗೆ ದಾರಿ ಬಿಟ್ಟುಕೊಟ್ಟ ಹಾಗಿತ್ತು.

ಗೋಡೆಯ ಬಲಮೂಲೆಯಲ್ಲಿ ಏನೂ ಬರೆಯದ ಒಂದು ನೀಲಿ ಕಾರ್ಡಿತ್ತು. ನದಿ ಸಮುದ್ರ ಸೇರುವ ಜಾಗ. ಅಲ್ಲಿ ಏನಿರಬೇಕೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ಅಮ್ಮ ಅದರ ಮೇಲೆ ಬೆರಳಿಟ್ಟು “ಇರ್ವಾಳೆ” ಎಂದಳು. ಸ್ವಂತ ಊರಿನ ಹೆಸರು ಹೇಳುವವರ ಹಾಗೆ, ಅಷ್ಟು ಸಲೀಸಾಗಿ. ಆಮೇಲೆ ಕೆಂಪು ದಾರಗಳನ್ನು ಒಂದೊಂದೇ ಬಿಚ್ಚಿ, ಎಲ್ಲದರ ತುದಿಯನ್ನೂ ತಂದು ಆ ಕಾರ್ಡಿಗೆ ಚುಚ್ಚಿದಳು.

ಇರ್ವಾಳೆಯ ಬಗ್ಗೆ ನಾನು ಕೈಸನ್ನೆಯಲ್ಲೂ ಅವಳ ಪದಗಳಲ್ಲೂ ಕೇಳುತ್ತಿದ್ದೆ. ಅಲ್ಲಿಯ ಮನೆಗಳಿಗೆ ಮೆಟ್ಟಿಲು ಒಳಗಿಲ್ಲ, ಹೊರಗೋಡೆಗೆ ಅಂಟಿಕೊಂಡು ಮೇಲೇರುತ್ತದೆ, ಬಾಗಿಲು ಇರುವುದು ಮೇಲೆಯೇ. ಕೆಳಗೆ ನೀರು ಬಂದು ಹೋಗುತ್ತದೆ. ಅಂಗಡಿಗಳಿವೆ. ನಾಯಿಗಳಿವೆ, ಬೊಗಳುವುದಿಲ್ಲ. “ಮಕ್ಕಳು?” ಎಂದು ಕೈಯನ್ನು ಸೊಂಟದೆತ್ತರಕ್ಕೆ ಹಿಡಿದು ಕೇಳಿದೆ. ಕೆಲವರು ಎನ್ನುವಂತೆ ಎರಡು ಬೆರಳು ತೋರಿಸಿದಳು. ಯಾವುದಕ್ಕೂ ಅವಳು ಯೋಚಿಸುತ್ತಿರಲಿಲ್ಲ. ಕಲ್ಪಿಸುವವರಿಗೆ ಯೋಚನೆ ಬೇಕು ಅಕ್ಕ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮ್ಮ ನೆನಪಿಸಿಕೊಳ್ಳುತ್ತಿದ್ದಳು.

ಆಗಲೇ ನನಗೆ ಭಯವಾಗಬೇಕಿತ್ತು. ಆದದ್ದು ಆಸೆ.

ಮಾತಿನ ಟೀಚರ್ ಇರುವುದು ಔಷಧಿ ಅಂಗಡಿಯ ಮಹಡಿಯ ಮೇಲೆ. ಹೊರಗೆ ಕಾಯುವವರಿಗೆ ಪ್ಲಾಸ್ಟಿಕ್ ಕುರ್ಚಿಗಳು, ಕಿರುಗುಟ್ಟುವ ಫ್ಯಾನು, ಮಾತು ತಡವಾದ ಮಕ್ಕಳಿಗೆಂದು ಇಟ್ಟ ಒಂದು ಪೆಟ್ಟಿಗೆ ತುಂಬ ಮರದ ತುಂಡುಗಳು. ಅಲ್ಲಿಗೆ ಒಬ್ಬ ಮೇಸ್ತ್ರಿ ಬರುತ್ತಿದ್ದರು. ಜೀವನವಿಡೀ ಮನೆ ಕಟ್ಟಿಸಿದವರು, ಅಗಲವಾದ ಅಂಗೈ, ಯಾವಾಗಲೂ ಇಸ್ತ್ರಿ ಮಾಡಿದ ಷರ್ಟು. ಅವರಿಗೂ ಅಮ್ಮನ ಹಾಗೆಯೇ ಆಗಿತ್ತಂತೆ. ಜೊತೆಗೆ ಸೊಸೆ ಬರುತ್ತಿದ್ದಳು. ನಾವಿಬ್ಬರೂ ನಕ್ಕು ತಲೆಯಾಡಿಸುವಷ್ಟು ಪರಿಚಯ.

ಅವತ್ತು ಫ್ಯಾನು ಕೆಟ್ಟು ರೂಮು ಬೇಯುತ್ತಿತ್ತು. ಅಮ್ಮ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ಮೈಕಿನ ಮುಂದೆ ಕೂತಾಗ ಮಾಡುತ್ತಿದ್ದಳಲ್ಲ, ಹಾಗೆ ಗಂಟಲು ಸರಿಮಾಡಿಕೊಂಡಳು. ಆಮೇಲೆ ಆ ದನಿ ಬಂತು, ಎಷ್ಟೋ ವರ್ಷದಿಂದ ಕೇಳದಿದ್ದ, ಕಬ್ಬಿಣದ ಛಾವಣಿಯ ಕೆಳಗಿನ ದನಿ.

“ಸವಣಿಗರ ಬೆಮನಕ್ಕೆ. ಇರ್ವಾಳೆಗೆ ಲೋಬುವ ತೊರಣಿಯು ನೆಗಲನೇ ಅಂಕುಡಿಯಲ್ಲಿ ನಿಂತಿದೆ.”

ಕೂತಿದ್ದ ಒಂದಿಬ್ಬರು ತಲೆಯೆತ್ತಿ ನೋಡಿ ಮತ್ತೆ ಮೊಬೈಲಿಗೆ ಬಗ್ಗಿದರು. ಮೇಸ್ತ್ರಿ ಎದ್ದು ನಿಂತರು. ಕುರ್ಚಿಯ ಕೆಳಗಿದ್ದ ಬಟ್ಟೆಯ ಚೀಲ ಎತ್ತಿಕೊಂಡು, ಷರ್ಟಿನ ಕಾಲರು ಸರಿಮಾಡಿಕೊಂಡು, ಅಮ್ಮನ ಮುಂದೆ ಬಂದು, ಕೌಂಟರಿನಲ್ಲಿ ವಿಚಾರಿಸುವವರ ಹಾಗೆ ಸ್ವಲ್ಪ ಬಗ್ಗಿ ಕೇಳಿದರು: “ತೊರಣಿ ಈಗ್ಲೇ ಲೋಬುತ್ತಾ?”

“ಇನ್ನೂ ಮಿರಗೆ ಇದೆ, ಕೂತ್ಕೊಳ್ಳಿ” ಎಂದಳು ಅಮ್ಮ.

ಮೇಸ್ತ್ರಿ ಅಮ್ಮನ ಪಕ್ಕದಲ್ಲೇ ಕೂತರು. ಇಬ್ಬರೂ ಮಾತಾಡಿಕೊಂಡರು ಅಕ್ಕ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಒಂದು ಕಡೆ ಇಬ್ಬರೂ ನಕ್ಕರು, ಅದೂ ಒಟ್ಟಿಗೆ. ಸೊಸೆ ನನ್ನ ತೋಳು ಹಿಡಿದುಕೊಂಡಳು.

“ಅಕ್ಕಾ, ನಿಮ್ಮಮ್ಮ ಈಗ ಇರ್ವಾಳೆ ಅಂದ್ರಲ್ವಾ? ನಮ್ಮ ಮಾವ ಆಸ್ಪತ್ರೇಲಿ ಕಣ್ಣು ಬಿಟ್ಟಾಗಿಂದ ಅದನ್ನೇ ಹೇಳ್ತಾ ಇದಾರೆ. ಇರ್ವಾಳೆ, ಇರ್ವಾಳೆ ಅಂತ. ನಾವು ಯಾರೋ ಹೆಂಗಸಿನ ಹೆಸರು ಅಂದ್ಕೊಂಡಿದ್ವಿ. ಪುಣ್ಯಕ್ಕೆ ನಮ್ಮತ್ತೆ ಬದುಕಿಲ್ಲ, ಇದ್ದಿದ್ರೆ ದೊಡ್ಡ ರಾದ್ಧಾಂತ ಆಗ್ತಿತ್ತು.”

ನಾನು ನಕ್ಕೆ. ನಗು ಅರ್ಧದಲ್ಲೇ ನಿಂತಿತು. ಮೇಸ್ತ್ರಿ ಅಮ್ಮನನ್ನು ನೋಡುವ ಎಷ್ಟೋ ದಿನ ಮೊದಲಿನ ಮಾತು ಅದು.

ಮಾತಿನ ಟೀಚರಿಗೆ ಹೇಳಿದೆ. ಅವರು ಒಳ್ಳೆಯವರು, ಸಮಾಧಾನದಿಂದ ಕೇಳಿಸಿಕೊಂಡರು. “ಅವರಿಗೆ ರಾಗ ಉಳಿದಿರುತ್ತೆ. ಒಬ್ಬರ ರಾಗಕ್ಕೆ ಇನ್ನೊಬ್ಬರು ರಾಗ ಕೂಡಿಸ್ತಾರೆ. ನೋಡೋರಿಗೆ ಸಂಭಾಷಣೆ ಥರ ಕಾಣುತ್ತೆ. ನೀವು ಆ ಪದಗಳನ್ನ ಮನೇಲಿ ಬಳಸ್ತಾ ಇಲ್ಲ ತಾನೆ? ಬಳಸಿದ್ರೆ ಅವರಿಗೆ ನಮ್ಮ ಮಾತಿಗೆ ವಾಪಸ್ ಬರೋ ಅಗತ್ಯಾನೇ ಇರಲ್ಲ.”

“ಇಲ್ಲ ಮೇಡಂ” ಎಂದೆ. ಮನೆಯಲ್ಲಿ ಗೋಡೆಯ ತುಂಬ ಅವೇ ಇದ್ದವು.

ಆಮೇಲೆ ಪ್ರತಿ ಸಲವೂ ಅಮ್ಮ ಮತ್ತು ಮೇಸ್ತ್ರಿ ಅಕ್ಕಪಕ್ಕ ಕೂರುತ್ತಿದ್ದರು. ನಾನು ಮಗ್ಗುಲಲ್ಲಿ ಕೂತು ಕಿವಿಗೊಡುತ್ತಿದ್ದೆ. ಒಮ್ಮೆ ಮೇಸ್ತ್ರಿ ಮಕ್ಕಳ ಪೆಟ್ಟಿಗೆಯಿಂದ ಮರದ ತುಂಡುಗಳನ್ನು ತೆಗೆದು ನೆಲದ ಮೇಲೆ ಕೂತು ಏನೋ ಕಟ್ಟತೊಡಗಿದರು. ದೊಡ್ಡ ಕೈ, ಆದರೂ ಒಂದು ತುಂಡೂ ಅಲುಗಲಿಲ್ಲ. ಎತ್ತರದ ಕಿರಿದಾದ ಮನೆ. ಕೆಳಗೆ ಬಾಗಿಲಿಲ್ಲ. ಹೊರಗೋಡೆಗೆ ಒಂದೊಂದೇ ಚಿಕ್ಕ ತುಂಡು ಆನಿಸುತ್ತ ಮೆಟ್ಟಿಲು ಮಾಡಿದರು. ಕೊನೆಯ ತುಂಡನ್ನು ಅಮ್ಮ ಮೇಲಿಟ್ಟಳು, ಬಾಗಿಲು. ಹೊರಗಿನ ಮೆಟ್ಟಿಲಿನ ಸಂಗತಿ ನನ್ನ ಕೋಣೆಯ ಒಂದು ಕಾರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅಮ್ಮ ಹೇಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಿದ್ದರೆ ಅಮ್ಮನ ಮಾತು ಅವರಿಗೆ ಅರ್ಥವಾಗಿದೆ ಎಂದಾಯಿತಲ್ಲ ಎಂದು ಮುಂದಕ್ಕೆ ಯೋಚಿಸಲಿಲ್ಲ. ಮನೆಗೆ ಬಂದು ಆ ಮನೆಯ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಕಾದಂಬರಿಯಲ್ಲಿ ಕೊನೆಯ ಅಧ್ಯಾಯ ಮಾತ್ರ ಬಾಕಿಯಿತ್ತು, ಜನ ಇರ್ವಾಳೆಗೆ ತಲುಪುವ ಅಧ್ಯಾಯ.

ಮುಂದಿನ ವಾರ ಮೇಸ್ತ್ರಿ ಬರಲಿಲ್ಲ. ಸೊಸೆ ಫೋನು ಮಾಡಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಊಟ ಆದ್ಮೇಲೆ ಮಲಗ್ತಾರೆ ಅಂದ್ಕೊಂಡೆ ಅಕ್ಕ. ಹೊಸ ಷರ್ಟು ಹಾಕ್ಕೊಂಡ್ರು. ಶೂ ಹಾಕ್ಕೊಂಡು ಲೇಸು ಕಟ್ಕೊಂಡ್ರು. ಕಾಯಿಲೆ ಬಂದ್ಮೇಲೆ ಲೇಸು ಕಟ್ಟೋಕೇ ಬರ್ತಿರ್ಲಿಲ್ಲ ಅವರಿಗೆ, ದಿನಾ ನಾನೇ ಕಟ್ತಿದ್ದೆ. ಬಾಗಿಲ ಹತ್ರ ಕುರ್ಚಿ ಎಳ್ಕೊಂಡು ಚೀಲ ತೊಡೆ ಮೇಲೆ ಇಟ್ಕೊಂಡು ಕೂತ್ರು. ಎಲ್ಲಿಗೆ ಮಾವ ಅಂತ ಕೇಳಿದ್ದಕ್ಕೆ ನಕ್ಕರು. ನಾನು ಪಾತ್ರೆ ತೊಳೆದು ಬರೋಷ್ಟರಲ್ಲಿ ಕೂತಲ್ಲೇ ಜೀವ ಹೋಗಿತ್ತು. ಬಾಗಿಲು ಮಾತ್ರ ಪೂರ್ತಿ ತೆಗೆದಿತ್ತು ಅಕ್ಕ. ನಾನು ಚಿಲಕ ಹಾಕಿ ಒಳಗೆ ಹೋಗಿದ್ದೆ. ಕೂತಲ್ಲಿಂದ ಅವರ ಕೈಗೆ ಆ ಚಿಲಕ ಎಟುಕೋದೇ ಇಲ್ಲ.”

ಫೋನು ಕೆಳಗಿಟ್ಟು ತಿರುಗಿದರೆ ಅಮ್ಮ ನನ್ನ ಕೋಣೆಯಲ್ಲಿದ್ದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಅವಳು ಒಂದು ಖಾಲಿ ಹಳದಿ ಕಾರ್ಡು ತೆಗೆದುಕೊಂಡು ಇರ್ವಾಳೆಯ ಕೆಳಗೆ ಚುಚ್ಚಿದಳು. ಹಳದಿ ಎಂದರೆ ಜನ, ಅದು ಅವಳಿಗೆ ಗೊತ್ತಿತ್ತು. ಅದರ ಪಕ್ಕಕ್ಕೆ ಇನ್ನೊಂದು ಖಾಲಿ ಹಳದಿ ಕಾರ್ಡು ಚುಚ್ಚಿದಳು. ಅದು ಯಾರದು ಎಂದು ನಾನು ಕೇಳಲಿಲ್ಲ.

ಅದೇ ಸಂಜೆ ಬೀರುವಿನಿಂದ ಚಿಕ್ಕ ಬ್ಯಾಗು ಹೊರಬಂತು. ಎರಡು ಜೊತೆ ಬಟ್ಟೆ, ಬಾಚಣಿಗೆ, ಟವೆಲ್ಲು, ನಾನೇ ಗಾಜು ಕೂರಿಸಿಕೊಟ್ಟ ಓದುವ ಕನ್ನಡಕ. ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಕಿಟಕಿಯ ಹತ್ತಿರ ಬಂದು ನಿಂತಳು. ಬೀದಿಯ ದೀಪ ಇನ್ನೂ ಹತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡಳು. ಬಸ್ಸು ಹೊರಡುವ ಮೊದಲಿನ ಕೊನೆಯ ಕರೆಯಲ್ಲಿ ಅವಳು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದಳು. ಆ ತಗ್ಗಿದ ದನಿಗೆ ಚಹಾ ಅರ್ಧಕ್ಕೇ ಬಿಟ್ಟು ಓಡಿದವರೆಷ್ಟೋ. ಆ ದನಿಯಲ್ಲಿ ಅಮ್ಮ ಇರ್ವಾಳೆಯ ಹೆಸರು ಹೇಳಿದಳು.

ಕೆಳಗೆ ಬೀದಿಯಲ್ಲಿ ದೊಡ್ಡದೊಂದು ಗಾಡಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದ್ದ ಸದ್ದು. ನಮ್ಮ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ನಮ್ಮ ಬೀದಿಗೆ ಕಾರು ತಿರುಗುವುದೇ ಕಷ್ಟ ಎಂದು ನಿನಗೆ ಗೊತ್ತು. ನಾನು ಬಗ್ಗಿ ನೋಡಲಿಲ್ಲ ಅಕ್ಕ. ನೋಡುವ ಧೈರ್ಯವಿರಲಿಲ್ಲ.

ಓಡಿ ಕೋಣೆಗೆ ಹೋದೆ. ದಾರಗಳನ್ನು ಹಿಡಿದು ಎಳೆದೆ. ಗುಂಡುಸೂಜಿಗಳು ನೆಲಕ್ಕೆ ಉದುರಿದವು. ನದಿ, ಬಂದರು, ಉಪ್ಪಿನ ದಾರಿ, ಬೊಗಳದ ನಾಯಿ, ಎರಡು ಚಂದ್ರ, ಎಲ್ಲ ಹರಿದೆ. ಬರೆದಿಟ್ಟಿದ್ದ ಪುಟಗಳನ್ನೂ ಹರಿದೆ. ಅಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು. ಬೈಯಲಿಲ್ಲ. ತುಂಬ ಮೆತ್ತಗೆ, ಮಗುವನ್ನು ಒಪ್ಪಿಸುವ ಹಾಗೆ, ಅದನ್ನೇ ಮತ್ತೆ ಮತ್ತೆ ಹೇಳಿದಳು.

“ನಂಗೆ ಅರ್ಥ ಆಗ್ತಿಲ್ಲಮ್ಮ” ಎಂದೆ. “ನಮ್ಮ ಮಾತಲ್ಲಿ ಹೇಳು.”

ನನಗೆ ಅರ್ಥವಾಗುತ್ತಿತ್ತು. ‘ನನ್ನದೊಂದನ್ನು ಬಿಡು’ ಎನ್ನುತ್ತಿದ್ದಳು. ಆ ಹಳದಿ ಕಾರ್ಡನ್ನೂ ಕಿತ್ತು ಅವಳ ಕಣ್ಣೆದುರಿಗೇ ಹರಿದೆ. ನನ್ನ ಕೈ ಬಿಟ್ಟು ಮಂಚದ ಮೇಲೆ ಕೂತಳು. ಕಿಟಕಿ ನಡುಗುವುದು ಯಾವಾಗ ನಿಂತಿತೋ ಗಮನಿಸಲಿಲ್ಲ. ಚಪ್ಪಲಿಯನ್ನು ನಾನೇ ಅವಳ ಕಾಲಿನಿಂದ ತೆಗೆದೆ.

ಮರುದಿನದಿಂದ ಟೀಚರ್ ಹೇಳಿದ ಹಾಗೆಯೇ ನಡೆದುಕೊಂಡೆ. ಅಮ್ಮ ತುಮ್ಮನಿ ಎಂದರೆ ನಾನು ಸುಮ್ಮನೆ ನಿಂತೆ. ಲೋಟ ತೋರಿಸಿ “ನೀರು” ಎಂದೆ. ಬಾಯಾರಿ ಕೋಪಗೊಂಡು ಮುಖ ತಿರುಗಿಸಿದರೂ ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ “ನೀ” ಎಂದಳು, ಇನ್ನೊಂದೆರಡು ದಿನಕ್ಕೆ “ನೀರು” ಎಂದಳು. ಟೀಚರ್ ಚಪ್ಪಾಳೆ ತಟ್ಟಿದರು. ಆಮೇಲೆ ಬೇಡ, ಸಾಕು, ಬಾಗಿಲು, ನಿನ್ನ ಹೆಸರು, ನನ್ನ ಹೆಸರು. ಒಂದು ಪದ ಒಳಗೆ ಬಂದರೆ ಒಂದು ಪದ ಹೊರಗೆ ಹೋಗುತ್ತಿತ್ತು. ಒಂದು ದಿನ ತಡೆಯಲಾರದೆ, “ಅಮ್ಮ, ತುಮ್ಮನಿ ಬೇಕಾ?” ಎಂದು ಕೇಳಿಬಿಟ್ಟೆ. ಈ ಸಲ ಕಾಯಿಲೆ ನನಗೇ ಬಂದಿದೆಯೋ ಎನ್ನುವಂತೆ ನೋಡಿದಳು.

ಕೆಲವು ವಾರಗಳ ಹಿಂದೆ ಮಂಚದ ಮೇಲೆ ಒಗೆದ ಬಟ್ಟೆ ರಾಶಿ ಹಾಕಿಕೊಂಡು ಇಬ್ಬರೂ ಮಡಚುತ್ತಿದ್ದೆವು. ಅಮ್ಮ ತಲೆಯೆತ್ತದೆ, ಸ್ವಚ್ಛವಾಗಿ, ಯಾವ ತೊಡಕೂ ಇಲ್ಲದೆ ಕೇಳಿದಳು:

“ಬಸ್ ಹೋಯ್ತಾ?”

ಕಾಯಿಲೆಯಾದ ಮೇಲೆ ನಮ್ಮ ಮಾತಿನಲ್ಲಿ ಅವಳಾಡಿದ ಮೊದಲ ಪೂರ್ತಿ ವಾಕ್ಯ ಅದು.

“ಹೋಯ್ತಮ್ಮ.”

“ಹ್ಞೂಂ” ಎಂದು ದಿಂಬಿನ ಕವರು ಮಡಚಿ ಪಕ್ಕಕ್ಕಿಟ್ಟಳು.

ಕಾದಂಬರಿ ಎಲ್ಲಿಗೆ ಬಂತು ಎಂದು ಕೇಳಿದೆಯಲ್ಲ. ಗೋಡೆಯ ಮೇಲೆ ಸೂಜಿ ಚುಚ್ಚಿದ ತೂತುಗಳಿವೆ, ಅಷ್ಟೇ. ನೆನಪಿನಿಂದ ಮತ್ತೆ ಬರೆಯೋಣವೆಂದು ಒಂದು ಸಲ ಕೂತೆ. ಪದಗಳು ಬಂದವು, ಹಿಂದೆ ಯಾರೂ ಬರಲಿಲ್ಲ. ಅಮ್ಮ ಬದುಕಿದ್ದಾಳೆ, ಎದುರಿಗೆ ಓಡಾಡುತ್ತಾಳೆ, ಉಪ್ಪು ಕಡಿಮೆಯಾದರೆ “ಉಪ್ಪು” ಎನ್ನುತ್ತಾಳೆ. ಇನ್ನೊಂದು ಸಲ ಅದೇ ಸಂಜೆ ಬಂದರೂ ನಾನು ಅದನ್ನೇ ಮಾಡುತ್ತೇನೆ. ಮಾಡಿದ್ದು ಸರಿಯೋ ತಪ್ಪೋ ಎಂದು ನಿನ್ನನ್ನು ಕೇಳುತ್ತಿಲ್ಲ. ಆ ಗಾಡಿಯ ಸದ್ದು ನೀನು ಕೇಳಿಲ್ಲ.

ಮೇಸ್ತ್ರಿಯ ಸೊಸೆ ಆಗಾಗ ಫೋನು ಮಾಡುತ್ತಾಳೆ. ಆ ಬಾಗಿಲಿಗೆ ಈಗ ಎರಡು ಚಿಲಕ ಹಾಕಿಸಿದ್ದಾಳಂತೆ.

ನೀನು ಅವಸರಪಟ್ಟು ಇಲ್ಲಿಗೆ ಹೊರಡಬೇಡ. ಡಾಕ್ಟರು ಒಪ್ಪಿದ ಮೇಲೆಯೇ ಬಾ, ಬರುವಾಗ ಭಾವನ ತೋಳಿನ ಜೊತೆಗೇ ಬಾ. ಭಾವನಿಗೆ ನಮಸ್ಕಾರ. ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ. ಚಿಕ್ಕವಳಿಗೆ ಚಿಕ್ಕಮ್ಮನ ಮುತ್ತು, ಹಲ್ಲು ಬಿದ್ದ ಜಾಗಕ್ಕೇ ಇರಲಿ. ನಿನ್ನ ಸೊಂಟ ಬೇಗ ಗಟ್ಟಿಯಾಗಲಿ, ನೂರು ಕಾಲ ನನ್ನನ್ನು ಬೈಯಲು ನಿನಗೆ ಶಕ್ತಿ ಇರಲಿ.

ಇಂತಿ,
ನಿನ್ನ ಬಾಲ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಯಾಕೆ ಸಪ್ಪಗಿದ್ದೀಯ ಎಂಬುದಕ್ಕೆ ನಿಜವಾದ ಉತ್ತರ ಮೇಲೆ ಎಲ್ಲೂ ಬರಲೇ ಇಲ್ಲ.

ನೀನು ಚಿಕ್ಕವಳಿದ್ದಾಗ ಅಮ್ಮ ಇನ್ನೂ ಕೆಲಸಕ್ಕೆ ಸೇರಿರಲಿಲ್ಲ. ಕತೆ ಹೇಳಿ ಮಲಗಿಸುತ್ತಿದ್ದಳು ಎಂದು ನೀನೇ ಹೇಳಿದ್ದೀಯ. ನಾನು ಹುಟ್ಟುವ ಹೊತ್ತಿಗೆ ಅವಳು ಮೈಕಿನ ಮುಂದೆ ಕೂತಾಗಿತ್ತು. ಸಂಜೆ ಮನೆಗೆ ಬರುವಾಗ ಗಂಟಲು ಖಾಲಿಯಾಗಿರುತ್ತಿತ್ತು. ಓದು ಎನ್ನಲು ಪುಸ್ತಕದ ಕಡೆ ಕಣ್ಣು, ಮಲಗು ಎನ್ನಲು ದೀಪದ ಸ್ವಿಚ್ಚು, ಊಟಕ್ಕೆ ಬಾ ಎನ್ನಲು ಚಮಚದಿಂದ ತಟ್ಟೆಗೆ ಎರಡು ಸಲ. ನಿವೃತ್ತಿಯಾದ ಮೇಲೂ ಅದೇ ರೂಢಿಯಾಯಿತು. ನನಗೆ ದೂರಿಲ್ಲ, ಅಮ್ಮಂದಿರು ಹಾಗೆಯೇ ಇರುತ್ತಾರೆ ಎಂದುಕೊಂಡೇ ಬೆಳೆದೆ.

ಆ ಕೆಲವು ತಿಂಗಳು ಅವಳು ನನ್ನ ಹತ್ತಿರ ಮಾತಾಡಿದಳು ಅಕ್ಕ. ತರಕಾರಿ ಹೆಚ್ಚುತ್ತ, ನನ್ನ ಜಡೆ ಬಿಡಿಸುತ್ತ, ಬೆಳಗಿನಿಂದ ಕತ್ತಲಾಗುವವರೆಗೆ, ನಗುತ್ತ, ನಡುವೆ ನನ್ನ ತೊಡೆ ತಟ್ಟಿ. ಹತ್ತರಲ್ಲಿ ಒಂದು ಪದ ತಿಳಿದಿದ್ದರೆ ಹೆಚ್ಚು. ಉಳಿದದ್ದೆಲ್ಲ ಏನು ಹೇಳಿದಳೋ, ಇನ್ನು ಯಾರನ್ನು ಕೇಳಲಿ?

ಈಗ ಮಾತು ಬಂದಿದೆ. ಟೀಚರ್ ಜೊತೆ ಮಾತಾಡುತ್ತಾಳೆ, ಫೋನಿನಲ್ಲಿ ನಿನ್ನ ಜೊತೆ ಮಾತಾಡುತ್ತಾಳೆ. ನಿನ್ನೆ ನಾನು ಒಳಗೆ ಕೂತಿದ್ದಾಗ ಊಟಕ್ಕೆ ಕರೆಯಲು ಚಮಚದಿಂದ ತಟ್ಟೆಗೆ ಎರಡು ಸಲ ಬಡಿದಳು.